ಖಡಕ್ ರೊಟ್ಟಿಯ ಪಾಲುದಾರ

ಒಂದು ರೊಟ್ಟಿಯನ್ನು ಪೂರ್ತಿ ತಿಂದಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಬುಟ್ಟಿಯಲ್ಲಿ ಒಟ್ಟಿಟ್ಟಿದ್ದ ಖಡಕ್ ರೊಟ್ಟಿಗಳ ಅಂಚನ್ನು ಮೇಲಿಂದ ಕೆಳಗಿನವರೆಗೆ ಒಂದಿಷ್ಟಿಷ್ಟೇ ಕಡಿದು ಹೋಗಿದೆ ಇಲಿ. ಮದುವೆ ಮನೆಯಲ್ಲಿ ಎಲೆ ತುಂಬ ಬಡಿಸಿಕೊಂಡು, ಎಲ್ಲದರಲ್ಲೂ ಒಂದೊಂದು ತುತ್ತು ತಿಂದು ಕೈ ತೊಳೆಯುವವರನ್ನು ಕಂಡರೂ ನನಗೆ ಹೀಗೇ ಉರಿಯುತ್ತದೆ. ಗದಗಿನಲ್ಲಿ ಈಗ ಒಳ್ಳೆ ರೊಟ್ಟಿ ಬೇಕೆಂದರೆ ಬಡಿಯುವವರಿಗೆ ಮೊದಲೇ ಹೇಳಿಡಬೇಕು. ಆಮೇಲೆ ಫೋನ್ ಮಾಡಿ ನೆನಪಿಸಬೇಕು. ಈ ಕಷ್ಟ ಇಲಿಗೆಲ್ಲಿ ತಿಳಿಯಬೇಕು?

"ಶೇಂಗಾ ಹಿಂಡಿ ಮುಟ್ಟಿಲ್ಲ ನೋಡ್ರಿ," ಅಂದಳು ಹೆಂಡತಿ, ಸಮಾಧಾನ ಮಾಡುವವಳ ಹಾಗೆ. ಡಬ್ಬಿಯ ಮುಚ್ಚಳ ಬಿಗಿ ಇತ್ತು, ಅದಕ್ಕೇ ಮುಟ್ಟಿಲ್ಲ.

ಪೆನ್ಸಿಲ್ ತೂರುವಷ್ಟು ಸಂದಿ ಸಿಕ್ಕರೆ ಇವು ಒಳಗೆ ಬರುತ್ತವೆ. ಬಸುರಿಯಾದರೆ ಮೂರು ವಾರದೊಳಗೆ ಬಾಣಂತನ. ಓಡಿಸುವ ಮಾತು ಸುಮ್ನೆ ಮಾತಷ್ಟೇ.

ಹಾಗಂತ ಇವುಗಳಿಂದ ಪೂರ್ತಿ ಪಾರಾದ ಒಂದು ಊರಿದೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿ ಸೇಂಟ್ ಕಿಲ್ಡಾ ಅಂತ ಪುಟ್ಟ ದ್ವೀಪಗಳ ಗುಂಪು. ಗಾಳಿ ಅಂದರೆ ಗಾಳಿ. ಜನ ಕಡಲ ಹಕ್ಕಿ ಹಿಡಿದು ತಿಂದು, ಕುರಿ ಸಾಕಿಕೊಂಡು ಬದುಕಿದ್ದರು. ಅವರ ಮನೆಗಳಲ್ಲಿ ಒಂದು ಜಾತಿಯ ಇಲಿ ಇತ್ತು. ಬಹಳ ಕಾಲ ಬೇರೆಲ್ಲೂ ಹೋಗದೆ ಅಲ್ಲೇ ಉಳಿದು ಕೊಂಚ ಬೇರೆಯೇ ಆಗಿಬಿಟ್ಟಿತ್ತು. ಹಾಗಾಗಿ 1899ರಲ್ಲಿ ಅದಕ್ಕೆ ಮುರಾಲಿಸ್ ಅಂತ ಪ್ರತ್ಯೇಕ ಹೆಸರನ್ನೇ ಇಟ್ಟರು. ನಮ್ಮ ಮನೆಯದು ಕಾಸ್ಟೇನಿಯಸ್ ಅನ್ನುವ ಉಪಜಾತಿ ಇರಬೇಕು, ಈ ಕಡೆಯ ದೇಶಗಳಲ್ಲಿ ಇರುವುದು ಅದೇ. ಹೆಸರು ದೊಡ್ಡದು, ಬುದ್ಧಿ ಮಾತ್ರ ಗೊತ್ತಾಯಿತಲ್ಲ. ಇರಲಿ. ಅಲ್ಲಿ ವರ್ಷದಿಂದ ವರ್ಷಕ್ಕೆ ಜನ ಕಮ್ಮಿಯಾದರು, ಹರೆಯದವರು ಊರು ಬಿಟ್ಟರು, ಕಾಯಿಲೆಯಾದರೆ ಡಾಕ್ಟರಿಲ್ಲ, ಚಳಿಗಾಲದಲ್ಲಿ ಹಡಗು ಬರುವುದೇ ಅಪರೂಪ. ಕೊನೆಗೆ ಉಳಿದ 36 ಜನ ತಾವೇ ಸರ್ಕಾರಕ್ಕೆ ಬರೆದು ಕೇಳಿಕೊಂಡು 1930ರ ಆಗಸ್ಟ್ 29ಕ್ಕೆ ಹಡಗು ಹತ್ತಿದರು. ಹೋಗುವಾಗ ಮನೆಮನೆಯಲ್ಲೂ ಬೈಬಲ್ ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಓಟ್ಸ್ ಕಾಳು ಸುರಿದು, ಬಾಗಿಲು ಹಾಕಿಕೊಂಡು ಹೋದರಂತೆ. ಆ ಕಾಳು ಇಲಿಗಂತ ಇಟ್ಟದ್ದಲ್ಲ, ಆದರೆ ತಿನ್ನಲಿಕ್ಕೆ ಅಲ್ಲಿ ಇನ್ಯಾರಿದ್ದರು?

ಅದು ಎಷ್ಟು ದಿನ ಬಂದೀತು! ಒಲೆ ಇಲ್ಲ, ಹಿಟ್ಟಿನ ಡಬ್ಬಿ ಇಲ್ಲ, ಬೈಯುವವರೂ ಇಲ್ಲ. ಎರಡೇ ವರ್ಷದೊಳಗೆ ಆ ಇಲಿಯ ಕುಲವೇ ಮುಗಿದುಹೋಯಿತು. ಅದೇ ದ್ವೀಪದ ಬಯಲಿನಲ್ಲಿ ಇನ್ನೊಂದು ಇಲಿ ಇತ್ತು, ದೊಡ್ಡ ಮೈಯದು, ಯಾರ ಹಂಗೂ ಇಲ್ಲದ್ದು. ಅದು ಇವತ್ತಿಗೂ ಅಲ್ಲಿ ಆರಾಮಾಗಿದೆ. ಮನೆ ಖಾಲಿಯಾದ ಮೇಲೆ ಒಳಗೂ ನುಗ್ಗಿತು ಅದು.

ಇದನ್ನೆಲ್ಲ ಹೆಂಡತಿಗೆ ವಿವರವಾಗಿ ಹೇಳಿ, "ನಾವೂ ಎರಡು ವರ್ಷ ಎಲ್ಲಾದರೂ ಹೋಗಿ ಬಂದರೆ ಹೇಗೆ?" ಅಂತ ಕೇಳಿದೆ.

"ಬಾಜೂ ಮನಿಯವ್ರು ಇರ್ತಾರಲ್ರೀ," ಅಂದಳು.

ಅದೂ ನಿಜ. ಬಾಜೂ ಮನೆಯ ಕಾಕಾ ಇರುವತನಕ ನಮ್ಮ ಓಣಿಯ ಇಲಿಗಳಿಗೆ ಏನೂ ಕೊರತೆಯಾಗುವುದಿಲ್ಲ. ನಮ್ಮ ಕಡೆ ಚೌತಿಯ ಮರುದಿನ ಇಲಿವಾರ ಅಂತ ಮಾಡುವವರಿದ್ದಾರೆ, ವರ್ಷಕ್ಕೊಂದು ದಿನ ಇಲಿಗೆ ಎಡೆ ಇಡುತ್ತಾರೆ. ಅದಕ್ಕೆ ನನ್ನ ತಕರಾರೇನೂ ಇಲ್ಲ. ಆದರೆ ಕಾಕಾನಿಗೆ ವರ್ಷವೆಲ್ಲ ಇಲಿವಾರ. ಬೋನಿಗೆ ಇಲಿ ಬಿತ್ತೋ, "ಗಣಪ್ಪನ ವಾಹನರೀ, ಕೊಲ್ಲಬಾರದು" ಅಂತ ಬೋನು ಹಿಡಿದುಕೊಂಡು ಹೊರಡುತ್ತಾರೆ. ಎಲ್ಲಿಗೆ? ಹೊಲಕ್ಕಲ್ಲ, ಕೆರೆಯ ದಂಡೆಗೂ ಅಲ್ಲ. ಮೊಣಕಾಲು ನೋವಂತೆ. ನಮ್ಮ ಗೇಟಿನ ಪಕ್ಕದ ಗಟಾರದವರೆಗೆ ಬರುತ್ತಾರೆ, ಬಾಗಿಲು ಎತ್ತುತ್ತಾರೆ, ಕೈ ಮುಗಿಯುತ್ತಾರೆ. ನನ್ನನ್ನು ಕಂಡರೆ "ನಾಷ್ಟಾ ಆತೇನ್ರಿ?" ಅಂತಲೂ ಕೇಳುತ್ತಾರೆ. ಪುಣ್ಯ ಅವರಿಗೆ, ಇಲಿ ನಮಗೆ. ಅವರ ಮನೆಗೊಂದು ಹಿತ್ತಲಿದೆ, ನುಗ್ಗಿಗಿಡವಿದೆ, ಬೇಕಾದಷ್ಟು ಜಾಗವಿದೆ. ಅಲ್ಲಿ ಬಿಡಲಿಕ್ಕೆ ಏನು ಧಾಡಿ?