ಅಂದಾಜು ಪಟ್ಟಿಯಿಲ್ಲದ ಇಂಗುಗುಂಡಿ

ಬೀದಿಯ ಚರಂಡಿಗೆ ನಾಲ್ಕು ಚಪ್ಪಡಿ ಹಾಸಬೇಕಾದರೂ ನಮ್ಮ ಸರ್ಕಾರಕ್ಕೆ ಅಂದಾಜು ಪಟ್ಟಿ ಬೇಕು. ಜಲ್ಲಿ, ಮರಳು, ಸಾಗಣೆ, ಕೂಲಿಗಳನ್ನೆಲ್ಲ ಎಸ್‌ಆರ್ ಎಂಬ ಸರ್ಕಾರಿ ದರಪಟ್ಟಿಯಂತೆ ಕೂಡಿಸಿ, ಆಡಳಿತಾತ್ಮಕ ಅನುಮೋದನೆಯನ್ನೂ ತಾಂತ್ರಿಕ ಮಂಜೂರಾತಿಯನ್ನೂ ಪಡೆದ ಮೇಲೆಯೇ ಹಾರೆ ನೆಲಕ್ಕೆ ತಾಗುತ್ತದೆ. ಮಳೆ ನೀರು ಇಂಗಿಸಲು ಪ್ರಜೆಗಳ ಅಂಗಳದಲ್ಲಿ ಗುಂಡಿ ತೋಡಿಸುವ ನಿಯಮಕ್ಕೆ ಮಾತ್ರ ಈ ರಗಳೆಯೇ ಇಲ್ಲ. ವಿಧೇಯಕದ ಕೊನೆಗೆ ಅಂಟಿಸುವ ಆರ್ಥಿಕ ಜ್ಞಾಪನ ಪತ್ರದಲ್ಲಿ ಹೆಚ್ಚಿನ ವೆಚ್ಚವೇನೂ ಇಲ್ಲವೆಂಬ ಒಂದು ಸಾಲು ಬರೆದರೆ ಮುಗಿಯಿತು. ಅದು ಸುಳ್ಳೂ ಅಲ್ಲ, ಏಕೆಂದರೆ ಮನೆ ಮಾಲೀಕನ ಜೇಬು ರಾಜ್ಯದ ಸಂಚಿತ ನಿಧಿಗೆ ಸೇರಿಲ್ಲ.

ಬೆಂಗಳೂರಿನ ಮಳೆ ನೀರು ಕೊಯ್ಲಿನ ನಿಯಮವನ್ನೇ ನೋಡಿ. 2009ರ ತಿದ್ದುಪಡಿಯಂತೆ 2400 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹಳೆಯ ಮನೆಗಳೂ 1200 ಚದರಡಿ ಮತ್ತು ಅದಕ್ಕೂ ದೊಡ್ಡ ನಿವೇಶನದ ಹೊಸ ಮನೆಗಳೂ ಇದನ್ನು ಅಳವಡಿಸಿಕೊಳ್ಳಲೇಬೇಕು. ಉದ್ದೇಶ ಸರಿಯಾದದ್ದೇ, 2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದವರು ಅದನ್ನು ಅಲ್ಲಗಳೆಯಲಾರರು. ಆದರೆ ಕಾಂಪೌಂಡಿನವರೆಗೂ ಕಟ್ಟಿ ಮುಗಿಸಿದ ಹಳೆಯ ಮನೆಗೆ ಮೇಸ್ತ್ರಿ ಬಂದು, ಕಾರು ನಿಲ್ಲಿಸುವ ಜಾಗದ ಗ್ರಾನೈಟನ್ನು ಕಾಲಿನಿಂದ ತಟ್ಟಿ, ಸಂಪಿಗೂ ಒಳಚರಂಡಿಯ (ಯುಜಿಡಿ) ಪೈಪಿಗೂ ನಡುವಿನ ಜಾಗವನ್ನು ಗೇಣಿನಲ್ಲಿ ಅಳೆದು, ‘ಒಡೀಬೇಕಾಗತ್ತೆ ಸಾರ್’ ಎಂದಾಗಲೇ ನಿಯಮದ ಮೊದಲ ಅಂದಾಜು ಪಟ್ಟಿ ತಯಾರಾಗುವುದು.

ಮಾಲೀಕನೂ ಲೆಕ್ಕ ಬಲ್ಲವನೇ. ಗುಂಡಿ, ಪೈಪು, ಫಿಲ್ಟರು ಸೇರಿ 36,000 ರೂಪಾಯಿ ಆಗುತ್ತದೆ ಎಂದಿಟ್ಟುಕೊಳ್ಳೋಣ. ಮಾಡದಿದ್ದರೆ ಮೊದಲು ನೀರಿನ ಬಿಲ್ಲಿನ ಅರ್ಧದವರೆಗೆ ದಂಡವಿತ್ತು. 400 ರೂಪಾಯಿ ಬಿಲ್ಲಿಗೆ ತಿಂಗಳಿಗೆ 200. ಹದಿನೈದು ವರ್ಷ ದಂಡ ಕಟ್ಟಿದರೂ ಗುಂಡಿಯ ಖರ್ಚಿಗೆ ಸಮ, ಜೊತೆಗೆ ಗ್ರಾನೈಟೂ ಉಳಿಯುತ್ತದೆ. ಆಮೇಲೆ ದಂಡವನ್ನು ಏರಿಸಿದರು, ನಿಜ. ಆದರೆ ಎಷ್ಟಕ್ಕೆ ಏರಿಸಿದರೆ ಗುಂಡಿ ಅಗ್ಗವಾಗುತ್ತದೆ ಎಂದು ತಿಳಿಯಲು ಮೊದಲು ಗುಂಡಿಯ ಬೆಲೆ ಗೊತ್ತಿರಬೇಕಲ್ಲವೇ? ಹೀಗಾಗಿ ನೆಲಕ್ಕೆ ಇಂಗಬೇಕಾದ ನೀರು ಚರಂಡಿಗೂ, ಇಂಗಿಸದವರ ಹಣ ಜಲಮಂಡಳಿಯ ಖಾತೆಗೂ ತಪ್ಪದೆ ಹರಿಯುತ್ತಿವೆ. ಇಂಥ ಕೊಯ್ಲಿಗೆ ಮಳೆಯೂ ಬೇಕಿಲ್ಲ.

ಕಾನೂನಿನ ಕರಡಿನ ಜೊತೆಗೆ ಅದರ ಸ್ಥೂಲ ಹಣಕಾಸಿನ ಪರಿಣಾಮವನ್ನೂ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರ 2014ರಲ್ಲೇ ತನ್ನ ಸಚಿವಾಲಯಗಳಿಗೆ ಹೇಳಿತ್ತು. ಆ ಮಾತು ವಿಧಾನಸೌಧದ ಮೆಟ್ಟಿಲು ಹತ್ತಿ, ಕಟ್ಟಡದ ಪ್ರತಿ ಹೊಸ ಬೈಲಾಗೂ ಪಾಲನೆಯ ವೆಚ್ಚವನ್ನು ಮೊದಲೇ ಲಗತ್ತಿಸಬೇಕೆಂದಾದರೆ ಮುಂದೇನಾಗುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೊದಲು ಸಮಿತಿ ರಚನೆಯಾಗುತ್ತದೆ, ಬಳಿಕ ಅದಕ್ಕೊಬ್ಬ ಸಲಹೆಗಾರ ಬರುತ್ತಾನೆ, ಸಲಹೆಗಾರನಿಗೆ ಅವಧಿ ವಿಸ್ತರಣೆಯೂ ಸಿಗುತ್ತದೆ. ಅಷ್ಟರಲ್ಲಿ ನಿಯಮ ಜಾರಿಯಾಗಿ, ದಂಡ ವಸೂಲಾಗಿ, ಕಡತ ಹಣಕಾಸು ಇಲಾಖೆಯಿಂದ ಒಂದೇ ಷರಾ ಹೊತ್ತು ಮರಳಿರುತ್ತದೆ: ಸದರಿ ವೆಚ್ಚವನ್ನು ಅಂದಾಜು ಮಾಡಲು ತಗಲುವ ವೆಚ್ಚವನ್ನು ಯಾವ ಲೆಕ್ಕಶೀರ್ಷಿಕೆಯಡಿ ಭರಿಸತಕ್ಕದ್ದು ಎಂಬುದನ್ನು ಸ್ಪಷ್ಟಪಡಿಸಿ ಮರುಮಂಡಿಸುವುದು.