ಶೂ ಬಿಚ್ಚಿ ಸ್ವಾಮಿ, ಶೂ!

ನಿನ್ನೆಯೂ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಅದೇ ಆಜ್ಞೆ: "ಶೂ ಬಿಚ್ಚಿ." ಮುಂದಿದ್ದ ಮಹನೀಯರು ಅಂಥದ್ದೇ ಶೂ ಮೆಟ್ಟಿಕೊಂಡು ರಾಜಗಾಂಭೀರ್ಯದಿಂದ ದಾಟಿಹೋದರು. ನನ್ನ ಪಾದಗಳಲ್ಲಿ ಮಾತ್ರ ಅದೇನು ದೇಶದ್ರೋಹದ ಲಕ್ಷಣ ಕಾಣುತ್ತದೆಯೋ!

2001ರ ಡಿಸೆಂಬರ್‌ನಲ್ಲಿ ರಿಚರ್ಡ್ ರೀಡ್ ಎಂಬಾತ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ಶೂನೊಳಗಿನ ಬಾಂಬಿಗೆ ಬೆಂಕಿಕಡ್ಡಿ ಗೀರಿದ. ಬಾಂಬು ಸಿಡಿಯಲಿಲ್ಲ, ಶಿಕ್ಷೆ ಮಾತ್ರ ಲೋಕದ ಕಾಲುಗಳಿಗೆಲ್ಲ ತಟ್ಟಿತು. 2006ರಲ್ಲಿ ಶೂ ಬಿಚ್ಚುವುದನ್ನು ಎಲ್ಲರಿಗೂ ಕಡ್ಡಾಯ ಮಾಡಿದ ಅಮೆರಿಕವೇ 2025ರ ಜುಲೈನಲ್ಲಿ ಸಾಕೆಂದು ಕೈಬಿಟ್ಟಿತು. ಇಲ್ಲಿ? ಆಯಾ ಸಾಲಿನ ಸಿಬ್ಬಂದಿಯ ಚಿತ್ತವೇ ನಿಯಮ.

ಬಿಚ್ಚುವುದಾದರೂ ಎಲ್ಲಿ? ಕೂರಲು ಕುರ್ಚಿಯಿಲ್ಲ, ಆತುಕೊಳ್ಳಲು ಗೋಡೆಯಿಲ್ಲ. ಒಂದು ಕೈಯಲ್ಲಿ ಬೆಲ್ಟಿಲ್ಲದೆ ಜಾರುವ ಪ್ಯಾಂಟು, ಇನ್ನೊಂದರಲ್ಲಿ ಬೋರ್ಡಿಂಗ್ ಪಾಸು; ತಪಸ್ಸಿಗೆ ನಿಂತ ಭಗೀರಥನಂತೆ ಒಂಟಿ ಕಾಲಿನಲ್ಲಿ ಲೇಸಿನ ಗಂಟು ಬಿಡಿಸಬೇಕು. (ಅವಸರದಲ್ಲಿ ಎಳೆದ ಲೇಸು ಕಗ್ಗಂಟಾಗದೆ ಇದ್ದದ್ದುಂಟೇ?) ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುವುದೂ ಆ ದಿನವೇ. ಊರವರ ಪಾದಧೂಳಿಯನ್ನೆಲ್ಲ ಹೊತ್ತ ಅದೇ ಟ್ರೇಯಲ್ಲಿ ನನ್ನ ಮೊಬೈಲು, ಕನ್ನಡಕ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿಯ ಪೊಟ್ಟಣ! ಯಾರೋ ಚೆಲ್ಲಿದ ನೀರು ನೆಲದ ಮೇಲೆ. ಅದನ್ನು ಒರೆಸುವ ಹೊಣೆ ನನ್ನ ಕಾಲುಚೀಲದ್ದು.

ಆಚೆ ಬದಿಗೆ ಬಂದರೆ ಒಂದು ಶೂ ಹೊರಗೆ, ಇನ್ನೊಂದು ಇನ್ನೂ ಯಂತ್ರದ ಹೊಟ್ಟೆಯೊಳಗೆ. ಹಿಂದಿನವರ ಟ್ರೇಗಳು ಗುದ್ದಿಕೊಂಡು ಬರುತ್ತಿವೆ, ಧ್ವನಿವರ್ಧಕ ನನ್ನ ವಿಮಾನದ ಕೊನೆಯ ಕರೆ ಕೂಗುತ್ತಿದೆ, ಶೂ ಬಿಚ್ಚಿಸಿದ ಅದೇ ಪುಣ್ಯಾತ್ಮರು "ಇಲ್ಲಿ ನಿಲ್ಲಬೇಡಿ, ಮುಂದೆ ಹೋಗಿ" ಎಂದು ಗದರುತ್ತಿದ್ದಾರೆ. ಹೋಗುವುದು ಹೇಗೆ ಸ್ವಾಮಿ, ಕುಂಟುತ್ತಲೇ?