ಹರಿವಾಣ ಹಿಡಿದವಳ ಪ್ರಶ್ನೆ

ಮಹಿಳಾ ದಿನಾಚರಣೆಯ ಕಾರ್ಯಕ್ರಮಗಳಿಗೆ ಇನ್ನು ಮುಂದೆ ಹೋಗುವುದಿಲ್ಲವೆಂದು ಕಳೆದ ವರ್ಷ ಇದೇ ಫೇಸ್‌ಬುಕ್ ಗೋಡೆಯ ಮೇಲೆ ಬರೆದು, ನಿಮ್ಮೆಲ್ಲರಿಂದ ಭೇಷ್ ಎನ್ನಿಸಿಕೊಂಡವಳು ನಾನೇ. ಆದರೂ ನಿನ್ನೆ ಬೆಂಗಳೂರಿನ ಒಂದು ಎಂಬಿಎ ಕಾಲೇಜಿಗೆ ಹೋದೆ. ಕರೆದವರು ಹಳೆಯ ಪರಿಚಯದವರು, ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಕಾಲೇಜಿನ ಹೆಸರು ಹೇಳುವುದಿಲ್ಲ, ಏಕೆಂದರೆ ಹೇಳಿದರೆ ಅದು ಆ ಕಾಲೇಜೊಂದರದೇ ತಪ್ಪು ಎಂದಾಗುತ್ತದೆ. ನಾನು ಇದುವರೆಗೆ ಹೋಗಿರುವ ಹತ್ತಾರು ಕಾಲೇಜುಗಳಲ್ಲಿ ಒಂಬತ್ತರಲ್ಲಾದರೂ ಇದೇ ಕಥೆ.

ವೇದಿಕೆಯ ಮೇಲೆ ಏಳು ಮಂದಿ ಗಣ್ಯರು. ಮಹಿಳಾ ದಿನವಾದ್ದರಿಂದ ಉದಾರವಾಗಿ ಇಬ್ಬರು ಮಹಿಳೆಯರು. ವೇದಿಕೆಯ ಬಲಬದಿಯಲ್ಲಿ ರೇಷ್ಮೆ ಸೀರೆಯುಟ್ಟು ಮಲ್ಲಿಗೆ ಮುಡಿದ ವಿದ್ಯಾರ್ಥಿನಿಯೊಬ್ಬಳು ಸ್ಟೀಲಿನ ದೊಡ್ಡ ಹರಿವಾಣ ಹಿಡಿದು ನಿಂತಿದ್ದಳು. ಅದರಲ್ಲಿ ಶಾಲು, ಮೈಸೂರು ಪೇಟ, ಏಲಕ್ಕಿ ಹಾರ, ಬಣ್ಣದ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ. ಒಬ್ಬೊಬ್ಬರ ಪರಿಚಯ ಓದಿ, ಪೇಟ ತೊಡಿಸಿ, ಫೋಟೋ ತೆಗೆದು, ಫೋಟೋಗ್ರಾಫರ್ ಹೇಳಿದನೆಂದು ಅದೇ ಪೇಟವನ್ನು ತೆಗೆದು ಮತ್ತೊಮ್ಮೆ ತೊಡಿಸಿ ಮುಗಿಸುವಷ್ಟರಲ್ಲಿ ಹೆಚ್ಚುಕಡಿಮೆ ನಲವತ್ತು ನಿಮಿಷ ಕಳೆಯಿತು. ಅವಳು ಅಷ್ಟು ಹೊತ್ತೂ ನಿಂತೇ ಇದ್ದಳು. ನನ್ನ ಕುರ್ಚಿ ಆ ತುದಿಯಲ್ಲಿದ್ದುದರಿಂದ ಅವಳ ಹೆಬ್ಬೆರಳುಗಳು ಹರಿವಾಣದ ಅಂಚಿಗೆ ಒತ್ತಿ ಬಿಳಿಚಿಕೊಂಡದ್ದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವಾಗ ಬುಟ್ಟಿಯ ಸೇಬು ಅಲುಗಾಡಿದ್ದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹಿಂದಿನ ಸಾಲಿನಲ್ಲಿ ಕೋಟು ತೊಟ್ಟು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಹುಡುಗರಲ್ಲಿ ಒಬ್ಬನಿಗೂ ಅದನ್ನು ಸ್ವಲ್ಪ ಹೊತ್ತು ಹಿಡಿಯೋಣವೆಂದು ಅನ್ನಿಸಲಿಲ್ಲ. ಅಷ್ಟು ಹೊತ್ತಿಗೆ ಮೈಕಿನಲ್ಲಿ, ಹೆಣ್ಣು ಅಬಲೆಯಲ್ಲ, ಸಬಲೆ ಎಂಬ ಘೋಷಣೆ ಮೂರನೆಯ ಸಲ ಆಗಿತ್ತು.

ನಂತರ ಸಂವಾದ. ಇಪ್ಪತ್ತೆರಡು ವರ್ಷಗಳಿಂದ ಕಾರ್ಖಾನೆಗಳ ಹಣಕಾಸು ನೋಡಿಕೊಂಡು ಬಂದವಳು ನಾನೆಂದು ಪರಿಚಯದಲ್ಲಿ ಓದಿದ್ದರೂ, ನನಗೆ ಬಂದದ್ದು ಒಂದೇ ಪ್ರಶ್ನೆ: ಮನೆ ಮತ್ತು ಕಚೇರಿ ಎರಡನ್ನೂ ಹೇಗೆ ನಿಭಾಯಿಸುತ್ತೀರಿ? ಪಕ್ಕದಲ್ಲಿದ್ದ ಉದ್ಯಮಿಗೆ ಮೂವರು ಮಕ್ಕಳು. ಅವರನ್ನು ಕೇಳಿದ್ದು ಮಾರುಕಟ್ಟೆಯ ಬಗ್ಗೆ. ನಾನು ಉತ್ತರಿಸುವಷ್ಟರಲ್ಲಿ ಸಮಯದ ಅಭಾವವಾಗಿ, ಸಭಿಕರ ಪ್ರಶ್ನೆಗಳನ್ನು ಕೈಬಿಟ್ಟು ವಂದನಾರ್ಪಣೆಗೆ ಹಾರಿದರು. ಪೇಟಕ್ಕೆ ನಲವತ್ತು ನಿಮಿಷ ಸಿಕ್ಕಿತ್ತು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಕಾಫಿ ಕುಡಿಯುವಾಗ ಆ ಹುಡುಗಿ ಒಂದು ನೋಟ್‌ಬುಕ್ ಹಿಡಿದು ಹತ್ತಿರ ಬಂದಳು.

"ಮೇಡಂ, ಒಂದು ಪ್ರಶ್ನೆ ಇತ್ತು, ಕೇಳೋಕಾಗ್ಲಿಲ್ಲ."

"ಯಾಕಮ್ಮಾ, ಮುಂದೇನೇ ನಿಂತಿದ್ದೆಯಲ್ಲ?"

"ಕೈಯಲ್ಲಿ ತಟ್ಟೆ ಇತ್ತಲ್ಲ ಮೇಡಂ."

ಅವಳ ತಂದೆ ಪೀಣ್ಯದಲ್ಲಿ ನಾಲ್ಕು ಲೇತ್ ಯಂತ್ರ ಇಟ್ಟುಕೊಂಡು ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುತ್ತಾರಂತೆ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಬಿಲ್ಲನ್ನು, ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಪಾವತಿಸಬೇಕೆಂಬುದು 2006ರ ಕಾಯ್ದೆಯಲ್ಲೇ ಇದೆ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ, ಹಾಗೆ ಕೊಡದೆ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚೆಂದು ತೋರಿಸಿ ಕಂಪನಿ ತೆರಿಗೆ ಉಳಿಸುವಂತಿಲ್ಲ ಎಂಬ 43ಬಿ(ಎಚ್) ಉಪವಿಧಿಯನ್ನು 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿತು. ಮಧ್ಯಮ ಉದ್ದಿಮೆಗಳಿಗೆ ಅದು ಅನ್ವಯಿಸುವುದಿಲ್ಲ. ಅವಳ ಪ್ರಶ್ನೆ ಇಷ್ಟು: ಈ ನಿಯಮ ಬಂದ ಮೇಲೆ ನಿಮ್ಮಂಥ ಕಂಪನಿಗಳು ಸಣ್ಣವರಿಗೆ ಬೇಗ ದುಡ್ಡು ಕೊಡುತ್ತಿವೆಯೋ, ಅಥವಾ ತಲೆನೋವೇ ಬೇಡವೆಂದು ಆರ್ಡರನ್ನೇ ಮಧ್ಯಮ ಉದ್ದಿಮೆಗಳಿಗೆ ತಿರುಗಿಸುತ್ತಿವೆಯೋ? ಅದಕ್ಕಾಗಿ ಅಪ್ಪನ ಎರಡು ವರ್ಷದ ಬಿಲ್ಲು-ಪಾವತಿಗಳ ತಾರೀಖುಗಳನ್ನು ಮೂರು ಪುಟ ಬರೆದುಕೊಂಡು ಬಂದಿದ್ದಳು. ಆ ಸಭಾಂಗಣದಲ್ಲಿ ನಿನ್ನೆ ಮಂಡನೆಯಾಗಬಹುದಾಗಿದ್ದ ಅತ್ಯುತ್ತಮ ಪ್ರಶ್ನೆ ಅದು. ಅದು ಹರಿವಾಣದ ಹಿಂದೆ ನಿಂತಿತ್ತು.

ನನ್ನ ತಕರಾರು ಇದೇ, ಇದೊಂದೇ. ಎಂಬಿಎ ಎಂಬುದು ಮಾತಿನಿಂದ ಕಲಿಯುವ, ಮಾತಿನಿಂದಲೇ ಅಳೆಯಲ್ಪಡುವ ಓದು. ಅಲ್ಲಿ ಹೆಣ್ಣುಮಕ್ಕಳಿಗೆ ಸ್ವಾಗತಗೀತೆ, ನಿರೂಪಣೆ, ಹೂಗುಚ್ಛ, ರಂಗೋಲಿ. ಗುಂಪು ಕೆಲಸಕ್ಕೆ ಬಂದರೆ ಪಿಪಿಟಿಯ ಬಣ್ಣ ಹೊಂದಿಸುವುದು, ಸಭೆಯ ಟಿಪ್ಪಣಿ ಬರೆಯುವುದು, ಪ್ರಾಜೆಕ್ಟ್ ವರದಿಗೆ ಬೈಂಡಿಂಗ್ ಮಾಡಿಸಿ ತರುವುದು. ಎದ್ದು ನಿಂತು ಮಂಡಿಸುವುದು ಮಾತ್ರ, ಅದೇನು ಜಾದೂವೋ, ಪ್ರತಿ ಸಲವೂ ಹುಡುಗನ ಪಾಲಿಗೆ ಬರುತ್ತದೆ. ಸಾಂಸ್ಕೃತಿಕ ಸಮಿತಿಗೆ ಹುಡುಗಿ, ಫೈನಾನ್ಸ್ ಕ್ಲಬ್ಬಿಗೆ ಹುಡುಗ. ಕೇಳಿದರೆ, ಅವಳು ಅಚ್ಚುಕಟ್ಟಾಗಿ ಮಾಡುತ್ತಾಳೆ ಮೇಡಂ ಎಂಬ ಹೊಗಳಿಕೆ. ಅಚ್ಚುಕಟ್ಟು ಎಂಬ ಈ ಪದದ ಮೇಲೆ ನನಗೆ ಎಷ್ಟು ಸಿಟ್ಟಿದೆಯೆಂದು ನನ್ನ ಜೊತೆ ಕೆಲಸ ಮಾಡಿದವರಿಗೆ ಗೊತ್ತು.

ಇದು ನಮ್ಮೂರಿನ ಕಾಯಿಲೆಯೊಂದೇ ಅಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲು ತನ್ನ ಎರಡು ವರ್ಷದ ಎಂಬಿಎಗೆ ಹೆಣ್ಣುಮಕ್ಕಳನ್ನು ನೇರವಾಗಿ ಸೇರಿಸಿಕೊಂಡದ್ದು 1963ರಲ್ಲಿ, ಅದೂ ಎಂಟು ಜನರನ್ನು. ಅಲ್ಲಿ ಅಂಕಗಳ ಅರ್ಧದಷ್ಟು ತರಗತಿಯಲ್ಲಿ ಆಡುವ ಮಾತಿಗೆ. ಸಮಾನ ಅರ್ಹತೆಯಿಂದ ಸೇರಿದ ಹೆಣ್ಣುಮಕ್ಕಳು ಅಂಕಗಳಲ್ಲಿ ಹಿಂದೆ ಬೀಳುತ್ತಿರುವುದನ್ನು ಕಂಡು, ಭಾರತದಲ್ಲಿ ಹುಟ್ಟಿ ಬಾಂಬೆ ಐಐಟಿಯಲ್ಲಿ ಓದಿದ ನಿತಿನ್ ನೋಹ್ರಿಯಾ 2010ರಲ್ಲಿ ಡೀನ್ ಆದ ಮೇಲೆ, ಮಹಿಳಾ ಸಬಲೀಕರಣದ ಕುರಿತು ವಿಚಾರಸಂಕಿರಣ ಏರ್ಪಡಿಸಿ ಸುಮ್ಮನಾಗಲಿಲ್ಲ. ತರಗತಿಗಳಲ್ಲಿ ಶೀಘ್ರಲಿಪಿಕಾರರನ್ನು ಕೂರಿಸಿ ಯಾರು ಏನು ಮಾತನಾಡಿದರೆಂದು ದಾಖಲಿಸಿದರು. ಏಕೆಂದರೆ ಪಾಠ ಮುಗಿದ ಮೇಲೆ ಅಧ್ಯಾಪಕರ ನೆನಪಿನಲ್ಲಿ ಉಳಿಯುತ್ತಿದ್ದುದು ಗಟ್ಟಿ ದನಿಯವರ ಮಾತು ಮಾತ್ರ ಎಂಬ ಅನುಮಾನ ಅವರಿಗಿತ್ತು. ಕೆಲವೇ ವರ್ಷಗಳಲ್ಲಿ ಅಂಕಗಳ ಅಂತರ ಬಹುಮಟ್ಟಿಗೆ ಮುಚ್ಚಿತು. 2014ರ ಜನವರಿಯಲ್ಲಿ ಅದೇ ನೋಹ್ರಿಯಾ, ತಮ್ಮ ಸಂಸ್ಥೆ ಮಹಿಳೆಯರನ್ನು ನಡೆಸಿಕೊಂಡ ರೀತಿಗೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅಲ್ಲಿ ಪಾಠಕ್ಕೆ ಬರೆಯುವ ಕೇಸ್ ಸ್ಟಡಿಗಳಲ್ಲಿ ಮಹಿಳೆ ಮುಖ್ಯಪಾತ್ರವಾಗಿದ್ದದ್ದು ಶೇ. 9ರಷ್ಟರಲ್ಲಿ ಮಾತ್ರ, ಅದನ್ನು ಐದು ವರ್ಷಗಳಲ್ಲಿ ಶೇ. 20ಕ್ಕೆ ಏರಿಸುವುದಾಗಿಯೂ ಮಾತು ಕೊಟ್ಟರು. ಅಲ್ಲಿ ಯಾರಿಗೂ ಪೇಟ ತೊಡಿಸಿದಂತೆ ತಿಳಿದುಬಂದಿಲ್ಲ.

ಕಾಫಿಯ ಹೊತ್ತಿನಲ್ಲೇ ಪ್ರಾಧ್ಯಾಪಕರೊಬ್ಬರು, ನಾನು ಎದುರುನೋಡುತ್ತಿದ್ದ ಮಾತನ್ನೇ ಆಡಿದರು: ನಾವು ಅವಕಾಶ ಕೊಡುತ್ತೇವೆ, ಹೆಣ್ಣುಮಕ್ಕಳೇ ಮುಂದೆ ಬರುವುದಿಲ್ಲ, ಈಗಂತೂ ಸೀಟು ಬೇರೆ ಹೆಚ್ಚಿಗೆ ಕೊಡುತ್ತಿದ್ದಾರೆ, ಪ್ರತಿಭೆಯ ಗತಿಯೇನು? ನ್ಯಾಯವಾದ ಪ್ರಶ್ನೆಯೆಂದು ಒಂದು ಕ್ಷಣ ಒಪ್ಪೋಣ. ಕೇಂದ್ರ ಸರ್ಕಾರದ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಒಂದಾದ ಕೋಯಿಕ್ಕೋಡ್ ಐಐಎಂನಲ್ಲಿ 2013ರ ಬ್ಯಾಚಿನ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳಿದ್ದರು. ಅದೇ ಸಂಸ್ಥೆ 2019ರಲ್ಲಿ ಅವರಿಗೆಂದು 60 ಸೀಟು ಸೇರಿಸಿತಾದರೂ, ಅವು ಇದ್ದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಸೃಷ್ಟಿಸಿದವು. ಯಾವ ಹುಡುಗನ ಕುರ್ಚಿಯನ್ನೂ ಎಳೆದುಕೊಂಡದ್ದಲ್ಲ. ಎಂಜಿನಿಯರ್ ಹುಡುಗರಿಗೆ ಅನುಕೂಲವಾಗುವಂಥ ಪ್ರವೇಶ ಪರೀಕ್ಷೆಯನ್ನು ದಶಕಗಟ್ಟಲೆ ನಡೆಸಿದಾಗ ಯಾರಿಗೂ ಕೆಡದ ನಿದ್ದೆ, ಈ ಅರವತ್ತು ಕುರ್ಚಿಗಳಿಂದ ಕೆಡುವುದಾದರೆ, ತೊಂದರೆ ಇರುವುದು ಕುರ್ಚಿಯಲ್ಲಲ್ಲ. ಪ್ರತಿಭೆಯ ಮಾತೇ ಆದರೆ ಇದಕ್ಕೂ ಉತ್ತರ ಬೇಕು: 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದಿನಲ್ಲಿ ಆರಂಭವಾದ ಐಐಎಂ ಪರಂಪರೆಗೆ ಮೊದಲ ಮಹಿಳಾ ನಿರ್ದೇಶಕಿ ಸಿಕ್ಕಿದ್ದು 2017ರಲ್ಲಿ, ಹಿಮಾಚಲದ ಸಿರ್ಮೌರ್‌ನಲ್ಲಿ, ನೀಲು ರೋಹ್ಮೇತ್ರಾ ಅವರ ರೂಪದಲ್ಲಿ. ಐವತ್ತಾರು ವರ್ಷ ಈ ದೇಶದ ಹೆಣ್ಣುಮಕ್ಕಳಲ್ಲಿ ಪ್ರತಿಭೆ ಇರಲಿಲ್ಲವೇ?

ಮುಂದೆ ಬರುವುದಿಲ್ಲ ಎಂಬ ಮಾತಿಗೆ ನಾನೇ ಸಾಕ್ಷಿ. ಎಂಬಿಎ ಓದುವಾಗ, ದಾವಣಗೆರೆಯ ಹುಡುಗಿಯಾದ ನನಗೆ ಇಂಗ್ಲಿಷಿನಲ್ಲಿ ಎದ್ದು ನಿಂತು ಮಾತನಾಡುವುದೆಂದರೆ ಬಾಯಿ ಒಣಗುತ್ತಿತ್ತು. ಹೊಳೆದ ಅಂಶವನ್ನು ಚೀಟಿಯಲ್ಲಿ ಬರೆದು ಪಕ್ಕದ ಹುಡುಗನಿಗೆ ತಳ್ಳುತ್ತಿದ್ದೆ. ಅವನು ಎದ್ದು ಹೇಳಿ ಅಂಕ ಪಡೆಯುತ್ತಿದ್ದ. ಒಳ್ಳೆಯ ಹುಡುಗನೇ, ಪ್ರತಿ ಸಲ ಥ್ಯಾಂಕ್ಸ್ ಹೇಳುತ್ತಿದ್ದ. ಅವನ ದನಿ ಮೇಷ್ಟರಿಗೆ ಕೇಳಿಸುತ್ತಿತ್ತು, ನನ್ನ ಚೀಟಿ ಕಾಣಿಸುತ್ತಿರಲಿಲ್ಲ. ರಾತ್ರಿ ಹತ್ತರ ಮೇಲೆ ಹುಡುಗರ ಹಾಸ್ಟೆಲಿನಲ್ಲಿ ಗುಂಪು ಚರ್ಚೆ ನಡೆಯುತ್ತಿತ್ತು, ನಮ್ಮ ಹಾಸ್ಟೆಲಿನ ಗೇಟು ಒಂಬತ್ತಕ್ಕೇ ಬೀಗ. ಬೆಳಿಗ್ಗೆ ನಮಗೆ ಸಿಗುತ್ತಿದ್ದುದು ತೀರ್ಮಾನಗಳು, ಮತ್ತು ಅವನ್ನು ಅಚ್ಚುಕಟ್ಟಾಗಿ ಟೈಪ್ ಮಾಡುವ ಕೆಲಸ.

ಇದಕ್ಕಿಂತ ಕಷ್ಟದ ಮಾತೊಂದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಿಟ್ಟೆಲ್ಲ ನಾಟಕವಾಗುತ್ತದೆ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಕ್ಯಾಂಪಸ್ ಸಂದರ್ಶನಕ್ಕೆಂದು ಹೋದ ನಮ್ಮ ಕಂಪನಿಯ ತಂಡದಲ್ಲಿ ನಾನೂ ಇದ್ದೆ. ಚುರುಕಾಗಿ ಉತ್ತರಿಸಿದ ಹುಡುಗಿಯೊಬ್ಬಳನ್ನು, ಇನ್ನೆರಡು ವರ್ಷದಲ್ಲಿ ಮದುವೆಯ ಯೋಚನೆ ಇದೆಯೇ ಎಂದು ಕೇಳಿದವಳು ನಾನು. ಗಂಡಸರು ಕೇಳಿದರೆ ಸರಿಹೋಗುವುದಿಲ್ಲ, ನೀವೇ ಕೇಳಿ ಎಂದು ಮೊದಲೇ ನನಗೆ ಹೇಳಿಟ್ಟಿದ್ದರು. ಅವಳು ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ಮನೆಯಲ್ಲಿ ನೋಡುತ್ತಿದ್ದಾರೆ ಮೇಡಂ ಎಂದು ನಿಜ ಹೇಳಿದಳು. ನಾವು ಅವಳನ್ನು ತೆಗೆದುಕೊಳ್ಳಲಿಲ್ಲ. ಅಂದು ಆ ತಂಡದ ಹರಿವಾಣ ಹಿಡಿದವಳು ನಾನೇ.

ಮದುವೆಯ ಮುಂದಿನ ಮಾತೂ ಇಲ್ಲಿಯೇ ಬರಬೇಕು. ನೌಕರಿಯಲ್ಲಿರುವ ಹೆಣ್ಣಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ 26 ವಾರಗಳ ಹೆರಿಗೆ ರಜೆ ಸಿಕ್ಕಿತು. ಎಂಬಿಎ ವಿದ್ಯಾರ್ಥಿನಿ ನೌಕರಳಲ್ಲ, ಆ ಸೌಲಭ್ಯ ಅವಳ ಹತ್ತಿರ ಸುಳಿಯುವುದಿಲ್ಲ. ಪಿಎಚ್‌ಡಿ ಮಾಡುವವರಿಗೆ 240 ದಿನಗಳವರೆಗಿನ ರಜೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರಲ್ಲಿ ಅವಕಾಶ ಕೊಟ್ಟಿತು. ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ರಜೆ ಹಾಗೂ ಹಾಜರಾತಿ ವಿನಾಯಿತಿಯ ನಿಯಮ ಮಾಡಿಕೊಳ್ಳಿ ಎಂದು ವಿಶ್ವವಿದ್ಯಾಲಯಗಳಿಗೆ 2021ರ ಡಿಸೆಂಬರಿನಲ್ಲಿ ಪತ್ರ ಬರೆಯಿತು. ಅದಕ್ಕೆ ಬಹಳ ಮೊದಲೇ ನನ್ನ ಸಹಪಾಠಿಯೊಬ್ಬಳು ಮೂರನೆಯ ಸೆಮಿಸ್ಟರಿನಲ್ಲಿ ಹಾಜರಾತಿ ಕೊರತೆಯಾಗಿ ಒಂದು ವರ್ಷ ಕಳೆದುಕೊಂಡಳು. ನಿನ್ನೆಯ ಕಾಲೇಜಿನಲ್ಲಿ ಅಂಥ ನಿಯಮ ಇದೆಯೇ ಎಂದು ವೇದಿಕೆಯ ಮೇಲೇ ಕೇಳಿದೆ. ನೋಡಿ ಹೇಳುತ್ತೇವೆ ಎಂದರು. ಹಣ್ಣಿನ ಬುಟ್ಟಿ ಮಾತ್ರ ಯಾರೂ ನೋಡಿ ಹೇಳಬೇಕಾಗಲಿಲ್ಲ, ಸಿದ್ಧವಾಗಿಯೇ ಇತ್ತು.

ರಾತ್ರಿ ಸಂಘಟಕರು ವಾಟ್ಸ್‌ಆ್ಯಪಿನಲ್ಲಿ ಫೋಟೋಗಳನ್ನು ಕಳಿಸಿದರು. ನನಗೆ ಶಾಲು ಹೊದಿಸುವ ಚಿತ್ರದ ಬಲ ಅಂಚಿನಲ್ಲಿ ಎರಡು ಕೈ ಮತ್ತು ಹರಿವಾಣವಿದೆ. ಮುಖ ಚೌಕಟ್ಟಿನ ಆಚೆ ಉಳಿದಿದೆ. ಅವಳ ಮೂರು ಪುಟಗಳನ್ನು ನಾನು ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದೆ. ಇಂದು ಭಾನುವಾರವಾದರೂ ಬೆಳಿಗ್ಗೆಯಿಂದ ನಮ್ಮ ಕಂಪನಿಯ ಸಣ್ಣ ಸರಬರಾಜುದಾರರ ಪಟ್ಟಿಯನ್ನು ಎರಡು ವರ್ಷ ಹಿಂದಿನದರ ಜೊತೆ ಹೋಲಿಸುತ್ತಾ ಕುಳಿತಿದ್ದೇನೆ. ಹನ್ನೊಂದು ಹೆಸರುಗಳು ಈಗಿನ ಪಟ್ಟಿಯಲ್ಲಿಲ್ಲ. ಏಕೆ ಇಲ್ಲವೆಂದು ನಾಳೆ ಖರೀದಿ ವಿಭಾಗದವರನ್ನು ಕೇಳಬೇಕು, ಆಮೇಲೆ ಅವಳಿಗೆ ಉತ್ತರ ಬರೆಯಬೇಕು.

ಮುಂದಿನ ತಿಂಗಳು ಹಣಕಾಸಿನ ಬಗ್ಗೆ ಉಪನ್ಯಾಸಕ್ಕೆ ಮತ್ತೆ ಬನ್ನಿ ಎಂದು ಅದೇ ಕಾಲೇಜಿನವರು ಫೋಟೋಗಳ ಕೆಳಗೇ ಬರೆದಿದ್ದರು. ಬರುತ್ತೇನೆ, ಶಾಲು-ಪೇಟ ಬೇಡ, ಆ ನಲವತ್ತು ನಿಮಿಷ ಪ್ರಶ್ನೆಗಳಿಗಿರಲಿ, ಮೊದಲ ಪ್ರಶ್ನೆ ನಿನ್ನೆ ತಟ್ಟೆ ಹಿಡಿದಿದ್ದ ವಿದ್ಯಾರ್ಥಿನಿಯದಾಗಿರಲಿ ಎಂದು ಉತ್ತರಿಸಿದ್ದೇನೆ. ನೀಲಿ ಟಿಕ್ ಬಿದ್ದು ಆರು ಗಂಟೆಯಾಯಿತು.